ಹಿನ್ನೆಲೆಗೆ 48 ಪಿಕ್ಸೆಲ್ ಚಿತ್ರ ಸಾಕಾಯಿತು: ನನ್ನ ಅನುಭವ

ನನ್ನ ವೆಬ್ ಪುಟದ ಹಿನ್ನೆಲೆ ಚಿತ್ರದ ಅಗಲ ಈಗ ಬರೀ 48 ಪಿಕ್ಸೆಲ್. ತೂಕ ಒಂದು ಕೆಬಿ ಆಸುಪಾಸು. ಅದನ್ನೇ ಹಿಗ್ಗಿಸಿ ಇಡೀ ಪರದೆಗೆ ಹಾಸಿದ್ದೇನೆ. ಹೀಗೆ ಮಾಡ್ತೀನಿ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಫೋಟೋ ಹಾಕಿದರೆ ಫೋಟೋ ಥರ ಕಾಣಬೇಕು, ಇಲ್ಲಾಂದ್ರೆ ಸುಮ್ನೆ ಬಿಳಿ ಬಿಟ್ಟುಬಿಡು" ಅಂದರು. ಈಗ ಅವರಲ್ಲೇ ಇಬ್ಬರು ಇದೇ ದಾರಿ ಹಿಡಿದಿದ್ದಾರೆ.

ಮೊದಲು ದೊಡ್ಡ ಫೋಟೋನೇ ಹಾಕಿದ್ದೆ. ದುಡ್ಡು ಕೊಟ್ಟು ತಂದದ್ದು. ಅಷ್ಟು ದುಡ್ಡಿನಲ್ಲಿ ಒಂದು ವರ್ಷದ ಹೋಸ್ಟಿಂಗ್ (ಪುಟ ಇಡುವ ಸರ್ವರಿನ ಬಾಡಿಗೆ) ಖರ್ಚು ಮುಗಿದುಹೋಗುತ್ತಿತ್ತು. 1920 ಅಗಲದ ಜೆಪೆಗ್, ಒಂದೂವರೆ ಎಂಬಿ ಇತ್ತು ಅಂತ ನೆನಪು. ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಸ್ಟೈಲ್ ಭಾಷೆ) ಕೊಟ್ಟ ಚಿತ್ರದ ಸುಳಿವು ಬ್ರೌಸರ್‌ಗೆ ಸಿಗುವುದೇ ಸ್ಟೈಲ್ ಫೈಲ್ ಓದಿದ ಮೇಲೆ. ನೆಟ್ ನಿಧಾನ ಇದ್ದ ಕಡೆ ಬಿಳಿ ಪುಟದ ಮೇಲೆ ಬಿಳಿ ಶೀರ್ಷಿಕೆ, ಮೂರ್ನಾಲ್ಕು ಸೆಕೆಂಡು ಏನೂ ಕಾಣದು. ಅದನ್ನೇ ವೆಬ್‌ಪಿ (ಜೆಪೆಗ್‌ಗಿಂತ ಹಗುರವಾದ ಚಿತ್ರದ ಬಗೆ) ಮಾಡಿದಾಗ ತೂಕ ಅರ್ಧಕ್ಕಿಂತ ಕೆಳಗೆ ಬಂತು, ನಿಜ. ಆದರೆ ಫೋನಿನಲ್ಲಿ ಚಿತ್ರದ ಎರಡೂ ಪಕ್ಕ ಕತ್ತರಿಸಿಹೋಗಿ, ದುಡ್ಡು ಕೊಟ್ಟ ಮುಖವೇ ಮಾಯ. ಹಿಂದಿನ ಗೋಡೆ ಮಾತ್ರ ಉಳಿಯಿತು.

ಓದುವ ತೊಂದರೆ ಇದಕ್ಕಿಂತ ದೊಡ್ಡದು. ಒತ್ತಕ್ಷರ ಇರುವ ಲಿಪಿಗಂತೂ ಗಿಜಿಗಿಜಿ ಚಿತ್ರ ಆಗಿಬರುವುದೇ ಇಲ್ಲ. ಚಿತ್ರದ ಮೇಲೆ ಶೇ. 50 ಕಪ್ಪು ಪರದೆ ಎಳೆದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನು ಅಳೆದು ನೋಡಿದೆ. ಬಿಳಿ ಮೋಡ ಇರುವ ಜಾಗದಲ್ಲಿ ಆ ಪರದೆ ಬಿದ್ದರೆ ಸಿಗುವುದು #808080 ಅನ್ನುವ ಕೋಡಿನ ಬೂದು ಬಣ್ಣ. ಅದರ ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್ (ಎರಡರ ಬೆಳಕಿನ ಅನುಪಾತ) 3.95ಕ್ಕೆ 1. ಸಾಮಾನ್ಯ ಅಕ್ಷರಕ್ಕೆ ಡಬ್ಲ್ಯುಸಿಎಜಿ (ವೆಬ್ ಪುಟ ಎಲ್ಲರಿಗೂ ಓದಲು ಬರಲಿ ಅಂತ ಇರುವ ಮಾರ್ಗಸೂಚಿ) ಕೇಳುವುದು 4.5. ಶೇ. 55 ಮಾಡಿದರೆ ದಾಟುತ್ತದೆ, ಆದರೆ ಅಷ್ಟೊತ್ತಿಗೆ ಫೋಟೋ ಮಂಕು. ಬೂದು ಬಣ್ಣದಲ್ಲಿ ಗೆರೆ ಎಷ್ಟು ಸಣ್ಣದು ನೋಡಿ: ಬಿಳಿಯ ಮೇಲೆ #767676 ಪಾಸು, #777777 ಫೇಲು. ಕಣ್ಣಿಗೆ ಎರಡೂ ಒಂದೇ. ಅದಕ್ಕೇ ನಾನು ಕಣ್ಣನ್ನು ನಂಬುವುದು ಬಿಟ್ಟು, ಅಕ್ಷರದ ಕೆಳಗೆ ಬರುವ ಅತಿ ಬೆಳಕಿನ ಪಿಕ್ಸೆಲ್ ಹುಡುಕಿ ಅದನ್ನೇ ಅಳೆಯುತ್ತೇನೆ.

ಹೇಗೂ ಮಂಕಾಗುವ ಫೋಟೋಗೆ ಒಂದೂವರೆ ಎಂಬಿ ಯಾಕೆ? ಅಲ್ಲಿಂದ ಶುರುವಾಯಿತು ಇದು. ಫೋಟೋವನ್ನು ಮೊದಲು ಚೆನ್ನಾಗಿ ಬ್ಲರ್ ಮಾಡುತ್ತೇನೆ, ಆಮೇಲೆ 48ಕ್ಕೆ ಕುಗ್ಗಿಸುತ್ತೇನೆ. ಈ ಕ್ರಮ ತಪ್ಪಬಾರದು. ನೇರವಾಗಿ ಕುಗ್ಗಿಸಿ ಹಿಗ್ಗಿಸಿದರೆ ಚೌಕ ಚೌಕ ಮಚ್ಚೆ ಏಳುತ್ತದೆ. ಸಿಎಸ್‌ಎಸ್ ಬ್ಲರ್ ಬಳಸಿ ಆ ಕೆಲಸ ಬ್ರೌಸರ್‌ಗೇ ಬಿಟ್ಟರೆ ಹಳೆಯ ಫೋನ್ ಸ್ಕ್ರೋಲ್ ಮಾಡುವಾಗ ತಡವರಿಸುತ್ತದೆ.

ಇಷ್ಟಾದರೂ ಕತ್ತಲ ಭಾಗದಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ಜಾಸ್ತಿ ದಿನ ತಿಂದದ್ದು ಇದೇ. ಕೊನೆಗೆ ಮೇಲೊಂದು 64 ಪಿಕ್ಸೆಲ್‌ನ ಪಿಎನ್‌ಜಿ ಟೈಲ್ (ಮತ್ತೆ ಮತ್ತೆ ಬರುವ ಪುಟ್ಟ ಚೌಕ) ಹಾಸಿದೆ, ಪಟ್ಟೆ ಮರೆಮಾಡಲು ಬರೀ ನಾಯ್ಸ್ (ಅಡ್ಡಾದಿಡ್ಡಿ ಚುಕ್ಕಿ), ಕಂಡೂ ಕಾಣದಷ್ಟು ತೆಳು. ನಾಯ್ಸ್ ಅಷ್ಟಾಗಿ ಕಂಪ್ರೆಸ್ ಆಗುವುದಿಲ್ಲ, ಹಾಗಾಗಿ 16 ಛಾಯೆಗೆ ಇಳಿಸಿದೆ. ಎರಡು ಕೆಬಿ ಚಿಲ್ಲರೆ. ಟೈಲ್‌ನ ಅಂಚು ಗೊತ್ತಾಗದ ಹಾಗೆ ಚುಕ್ಕಿ ಹಂಚುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಚಿತ್ರದ ಅಡಿಯ ಬಣ್ಣವನ್ನೂ ಅದೇ ಫೋಟೋದಿಂದ ತೆಗೆಯುತ್ತೇನೆ. ಇಡೀ ಫೋಟೋದ ಸರಾಸರಿ ತೆಗೆದರೆ ಬಹುತೇಕ ಸಲ ಸಿಗುವುದು ಕೆಸರು ಬಣ್ಣ. ಬದಲಿಗೆ ಶೀರ್ಷಿಕೆ ಕೂರುವ ಜಾಗದ ಬಣ್ಣ ಎತ್ತಿಕೊಂಡು, ಸ್ವಲ್ಪ ಗಾಢ ಮಾಡಿ ಹಿನ್ನೆಲೆ ಬಣ್ಣವಾಗಿ ಕೊಡಿ. ಚಿತ್ರ ಬರದಿದ್ದರೂ ಬಿಳಿ ಅಕ್ಷರ ಮೊದಲ ಕ್ಷಣದಿಂದಲೇ ಕಾಣುತ್ತದೆ. ಇದೊಂದಕ್ಕೇ ಈ ಪದ್ಧತಿ ನನಗೆ ಇಷ್ಟ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಹಿನ್ನೆಲೆ ನಿಂತಲ್ಲೇ ನಿಲ್ಲುವ ಹಾಗೆ ಫಿಕ್ಸೆಡ್ ಕೊಟ್ಟರೆ ಐಫೋನಿನ ಸಫಾರಿ ಕೇಳುವುದಿಲ್ಲ. ಬೇರೆ ಪದರ ಮಾಡಿ ಅದನ್ನು ಫಿಕ್ಸ್ ಮಾಡಬೇಕು. ಚಲಿಸುವ ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಹಿನ್ನೆಲೆ) ಚೆನ್ನಾಗಿತ್ತು, ಫೋನ್ ಬಿಸಿಯಾಗುತ್ತಿತ್ತು, ತೆಗೆದೆ. ಡಾರ್ಕ್ ಮೋಡ್‌ಗೆ ಅಚ್ಚ ಕಪ್ಪು ಇಟ್ಟಾಗ ಅಕ್ಷರದ ಸುತ್ತ ಬೆಳಕು ಹರಡಿದ ಹಾಗೆ ಕಂಡಿತು. ಕೊನೆಗೆ ಕೆಂಪು, ಹಸಿರು, ನೀಲಿ ಅಳತೆಯಲ್ಲಿ 18, 18, 18ಕ್ಕೆ ಬಂದು ನಿಂತೆ. ಬೆಳಕಿನ ಪುಟಕ್ಕೆ 250, 248, 243 ಹಿಡಿಸಿದೆ, ಆದರೆ ನೀಲಿ ಜಾಸ್ತಿ ಇರುವ ಫೋಟೋ ಪಕ್ಕದಲ್ಲಿ ಅದು ಕೊಳೆಯಾದಂತೆ ಕಾಣುತ್ತದೆ.

ಈಚೆಗೆ ಆ 48 ಪಿಕ್ಸೆಲ್ ಚಿತ್ರವನ್ನು ಬೇಸ್64 (ಚಿತ್ರವನ್ನು ಅಕ್ಷರಗಳಾಗಿ ಬರೆಯುವ ಕ್ರಮ) ಮಾಡಿ ಸ್ಟೈಲ್ ಫೈಲಿನೊಳಗೇ ಸೇರಿಸಿದ್ದೇನೆ. ತೂಕ ಮೂರನೇ ಒಂದರಷ್ಟು ಏರಿತು, ಆದರೆ ಹಿನ್ನೆಲೆ ಚಿತ್ರಕ್ಕೆ ಬೇರೆ ರಿಕ್ವೆಸ್ಟ್ ಹೋಗುವುದೇ ನಿಂತಿತು. ದೊಡ್ಡ ಫೋಟೋ ಇನ್ನೂ ನನ್ನ ಹತ್ತಿರವೇ ಇದೆ. 48 ಪಿಕ್ಸೆಲ್ ಪ್ರತಿ ಹುಟ್ಟುವುದು ಅದರಿಂದಲೇ, ಹಾಗಾಗಿ ಕೊಟ್ಟ ದುಡ್ಡೂ ನೀರಲ್ಲಿ ಹೋಗಲಿಲ್ಲ.