ಚಂದಾ ಹಣ, ಗರಡಿ ಮನೆ ಮತ್ತು ನಮ್ಮ ಮೊಹಲ್ಲಾದ ಹುಡುಗರು

ಮೈಸೂರಿನ ಹಳೆಯ ಮೊಹಲ್ಲಾವೊಂದರ ಪ್ರೌಢಶಾಲೆಯಲ್ಲಿ ನಾನು 26 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. 2013ರ ಆಗಸ್ಟಿನಲ್ಲಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ನಡುವೆ ಟೀ ಅಂಗಡಿಯ ಮುಂದೆ ಮಾತಿಗೆ ಮಾತು ಬೆಳೆಯಿತು. ಒಬ್ಬ ಇನ್ನೊಬ್ಬನನ್ನು "ಯಾಕೋ ಗುರಾಯಿಸ್ತೀಯ?" ಎಂದು ಕೇಳಿದ್ದೇ ಜಗಳದ ಮೂಲ. ಮೂರು ದಿನಗಳ ನಂತರ ಹದಿನೇಳು ವರ್ಷದ ಹುಡುಗ ಹದಿನೆಂಟರವನ ಹೊಟ್ಟೆಗೆ ಚಾಕು ಹಾಕಿದ. ಗಾಯಗೊಂಡವನು ಬದುಕಿಕೊಂಡ; ಹಾಕಿದವನು ಬಾಲನ್ಯಾಯ ಮಂಡಳಿಯ ಮುಂದೆ ನಿಂತ. ಅವರಿಬ್ಬರೂ ನಮ್ಮ ಶಾಲೆಯ ರಿಲೇ ತಂಡದಲ್ಲಿ ಓಡಿದವರು. ಎರಡನೆಯ ಸುತ್ತಿನಲ್ಲಿ ಓಡುತ್ತಿದ್ದವನು ಮೂರನೆಯ ಸುತ್ತಿನವನ ಕೈಗೆ ಬ್ಯಾಟನ್ ದಾಟಿಸುವುದನ್ನು ನಾನು ನೂರಾರು ಸಲ ಅಭ್ಯಾಸ ಮಾಡಿಸಿದ್ದೆ. ಆ ಎರಡು ಕೈಗಳ ನಡುವೆ ಮೂರು ವರ್ಷಗಳಲ್ಲಿ ಚಾಕು ಹೇಗೆ ಬಂತೆಂಬ ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಹುಡುಗರನ್ನು ಹಿಂಸೆಯಿಂದ ದೂರವಿಡುವ ನಮ್ಮ ಈ ಕೆಲಸ ಶುರುವಾದದ್ದು ಅಲ್ಲಿಂದ. ಇಂಥ ಕೆಲಸ ಸಾರ್ವಜನಿಕರ ದೇಣಿಗೆಯಿಂದ ನಡೆಯಬೇಕೇ ಎಂಬ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರ ಹುಡುಕುತ್ತಿದ್ದೇನೆ.

ಕೆಲಸಕ್ಕೆ ಜಾಗವಾಗಿ ದೊರೆತದ್ದು ನಮ್ಮ ಬೀದಿಯ ಹಳೆಯ ಗರಡಿ ಮನೆ. ಅಖಾಡದ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ದಸರಾ ಕುಸ್ತಿಯ ಹತ್ತಿರದ ದಿನಗಳಲ್ಲಿ ಮಾತ್ರ ನಾಲ್ಕಾರು ಜನ ಬಂದು ಸಾಮು ಮಾಡುತ್ತಿದ್ದರು. ಗರಡಿಯ ಹಿರಿಯ ಉಸ್ತಾದರು ನಾನು ಕೇಳಿದ ಕೂಡಲೇ ಬೀಗದ ಕೈ ಕೊಟ್ಟು, "ಇದು ಯಾರಪ್ಪನ ಮನೆಯದೂ ಅಲ್ಲ ಮೇಷ್ಟ್ರೇ, ಊರವರು ಕಾಸು ಹಾಕಿ ಕಟ್ಟಿದ್ದು" ಎಂದರು. ಆ ಮಾತಿನ ತೂಕ ನನಗೆ ಅರ್ಥವಾಗಲು ಐದು ವರ್ಷ ಬೇಕಾಯಿತು.

ಸಂಜೆ ಆರರಿಂದ ಒಂಬತ್ತರವರೆಗೆ ಹುಡುಗರು ಬರುತ್ತಿದ್ದರು: ಮೊದಲು ಹನ್ನೊಂದು ಮಂದಿ, ವರ್ಷ ತುಂಬುವಾಗ ಮೂವತ್ತೆಂಟು. ದಂಡ, ಬೈಠಕ್, ಕುಸ್ತಿಯ ಪಟ್ಟುಗಳು, ನಂತರ ಅರ್ಧ ಗಂಟೆ ಮಾತು. ಶಿಕಾಗೋ ನಗರದ ಶಾಲೆಗಳಲ್ಲಿ ಗಂಡುಹುಡುಗರ ಜೊತೆ ನಡೆಸುವ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮದ ಒಂದು ಅಭ್ಯಾಸವನ್ನು ನಾನು ಇಲ್ಲಿ ಮಾಡಿಸಿದೆ. ಹುಡುಗರನ್ನು ಜೋಡಿ ಮಾಡಿ, ಒಬ್ಬನ ಮುಷ್ಟಿಯಲ್ಲಿ ಗೋಲಿ ಇಡಿಸಿ, 30 ಸೆಕೆಂಡಿನಲ್ಲಿ ಅದನ್ನು ಪಡೆಯಬೇಕೆಂದು ಇನ್ನೊಬ್ಬನಿಗೆ ಹೇಳಿದೆ. ಬೆರಳು ತಿರುಚಿದರು, ನೆಲಕ್ಕೆ ಕೆಡವಿದರು, ಒಬ್ಬ ಕಚ್ಚಿಯೇಬಿಟ್ಟ. ಸೀಟಿ ಊದಿದ ಮೇಲೆ "ಯಾರಾದರೂ 'ಕೊಡು' ಎಂದು ಕೇಳಿದಿರಾ?" ಎಂದೆ. ಅಖಾಡ ಮೌನವಾಯಿತು. ಒಬ್ಬ "ಕೇಳಿದ್ರೆ ಕೊಡ್ತಿದ್ನಾ ಸಾರ್?" ಎಂದ. ಅವನ ಜೋಡಿ ಮಣ್ಣು ಕೊಡವಿಕೊಳ್ಳುತ್ತಾ, "ಕೊಡ್ತಿದ್ದೆ ಕಣೋ, ಗೋಲಿ ತಾನೆ" ಎಂದ. ಆ ಸಂಜೆಯ ನಂತರ ಬೀದಿಯಲ್ಲಿ ಸಿಟ್ಟು ಏರಿದಾಗಲೆಲ್ಲ ಅವರವರೇ "ಗೋಲಿ, ಗೋಲಿ" ಎಂದು ಎಚ್ಚರಿಸಿಕೊಳ್ಳುವುದನ್ನು ನಾನು ಕೇಳಿದ್ದೇನೆ.

ಹಣದ ವಿಷಯಕ್ಕೆ ಬಂದರೆ, ಮೊದಲ ವರ್ಷ ನನ್ನ ಸಂಬಳ ಮತ್ತು ಮೂವರು ಸಹೋದ್ಯೋಗಿಗಳ ನೆರವಿನಲ್ಲಿ ನಡೆಯಿತು. ಎರಡನೆಯ ವರ್ಷ ಪರಿಚಯದ ಒಬ್ಬ ದಾನಿಗಳು ಐವತ್ತು ಟ್ರ್ಯಾಕ್ ಸೂಟ್, ಹತ್ತು ವಾಲಿಬಾಲ್ ಕೊಟ್ಟು ಸಮಾರಂಭ ಮಾಡಿಸಿದರು. ಅವರ ಒಳ್ಳೆಯತನದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನಮಗೆ ಬೇಕಾಗಿದ್ದುದು ರಾತ್ರಿ ಹನ್ನೊಂದಕ್ಕೆ ಹುಡುಗನೊಬ್ಬ ಫೋನ್ ಮಾಡಿದರೆ ಎದ್ದು ಹೋಗುವ ಒಬ್ಬ ಮನುಷ್ಯ. ಅವನ ಮನೆಯ ಬಾಡಿಗೆ ಕಟ್ಟುವಷ್ಟು ಸಂಬಳ. ಚೆಂಡು ಕೊಡುವ ಕೈಗಳು ಹಲವಿದ್ದವು, ಸಂಬಳ ಕೊಡುವ ಕೈ ಒಂದೂ ಇರಲಿಲ್ಲ.

ಹಾಗಿರುವಾಗ ಸ್ಥಳೀಯ ಮುಖಂಡರೊಬ್ಬರು ಕೊಟ್ಟ 60,000 ರೂಪಾಯಿಯನ್ನು ನಾನು ಒಪ್ಪಿಕೊಂಡೆ. ಇದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಮುಂದಿನ ಗಣೇಶ ಹಬ್ಬಕ್ಕೆ ಬೀದಿಯ ತಿರುವಿನಲ್ಲಿ ಎದ್ದ ಫ್ಲೆಕ್ಸಿನಲ್ಲಿ ನಮ್ಮ ಹುಡುಗರ ಮುಖಗಳು ಅವರ ಮುಖದ ಕೆಳಗೆ ಸಾಲಾಗಿ ನಿಂತಿದ್ದವು; ಮೆರವಣಿಗೆಯ ದಿನ ಹನ್ನೆರಡು ಮಂದಿ ಬೈಕುಗಳಲ್ಲಿ ಅವರ ಹಿಂದೆ ಹೊರಟಿದ್ದರು. ಚಂದಾ ಎತ್ತುವುದನ್ನು ನಮ್ಮ ಹುಡುಗರು ಕಲಿಯುವುದೇ ಈ ದಾರಿಯಲ್ಲಿ ಎಂಬುದನ್ನು ನಗರದಲ್ಲಿ ಬೆಳೆದ ಎಲ್ಲರೂ ಬಲ್ಲರು. ಹದಿನಾಲ್ಕನೆಯ ವಯಸ್ಸಿಗೆ ರಸೀದಿ ಪುಸ್ತಕ ಹಿಡಿದು ಅಂಗಡಿಯ ಮುಂದೆ ಹತ್ತು ಜನ ನಿಲ್ಲುತ್ತಾರೆ. ಅಂಗಡಿಯವನು ಭಯದಿಂದ 500 ಕೊಡುತ್ತಾನೆ. ಗುಂಪಾಗಿ ನಿಂತರೆ ಹಣ ಬರುತ್ತದೆ, 'ಏರಿಯಾದಲ್ಲಿ ಹವಾ' ಬರುತ್ತದೆ ಎಂದು ಹುಡುಗ ಅರಿಯುತ್ತಾನೆ. ಆಮೇಲೆ ಒಬ್ಬ 'ಅಣ್ಣ' ಬೆನ್ನ ಹಿಂದೆ ನಿಂತು, ಹುಟ್ಟುಹಬ್ಬದ ಕೇಕನ್ನು ಲಾಂಗಿನಿಂದ ಕತ್ತರಿಸಿ ಮೊಬೈಲಿನಲ್ಲಿ ಹಾಕಿಸುತ್ತಾನೆ. ಇಂಥ ನೆಲದಲ್ಲಿ ಹಿಂಸೆಯನ್ನು ತಡೆಯುವ ಕೆಲಸಕ್ಕೆ ಅದೇ ಅಣ್ಣನ ಹಣವನ್ನು ತಂದರೆ, ಹುಡುಗರಿಗೆ ನಾವೂ ಇನ್ನೊಂದು ಗುಂಪಾಗಿಯೇ ಕಾಣುತ್ತೇವೆ. ಅಂದಿನಿಂದ ಎರಡು ನಿಯಮ ಮಾಡಿದೆವು: ಗರಡಿಯ ಹಣಕ್ಕಾಗಿ ಹುಡುಗರ ಕೈಗೆ ರಸೀದಿ ಪುಸ್ತಕ ಕೊಡಕೂಡದು, ಕೊಟ್ಟವರ ಹೆಸರಿನ ಫ್ಲೆಕ್ಸ್ ಕಟ್ಟಕೂಡದು.

2016ರ ಏಪ್ರಿಲಿನಿಂದ ಎರಡು ವರ್ಷ ಒಂದು ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ನಿಧಿ ದೊರೆಯಿತು. 2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ವಿನಿಯೋಗಿಸಬೇಕು. ಆ ಹಣದಲ್ಲಿ ನಾವು ಒಬ್ಬ ಪೂರ್ಣಾವಧಿ ಕಾರ್ಯಕರ್ತನನ್ನು ನೇಮಿಸಿಕೊಂಡೆವು. ಅವನೇ ಒಂದು ಕಾಲಕ್ಕೆ ಪೊಲೀಸ್ ಠಾಣೆಯ ಬೆಂಚಿನಲ್ಲಿ ರಾತ್ರಿ ಕಳೆದವನು. ಹುಡುಗರು ಅವನ ಮಾತನ್ನು ನನ್ನ ಮಾತಿಗಿಂತ ಹೆಚ್ಚು ಕೇಳುತ್ತಿದ್ದರು. ಎರಡು ವರ್ಷಗಳ ಆ ಕೆಲಸ ಚೆನ್ನಾಗಿತ್ತು. ಆದರೆ 2018ರ ಮಾರ್ಚಿನಲ್ಲಿ ಕಂಪನಿ ತನ್ನ ಆದ್ಯತೆ ಬೇರೆಡೆಗೆ ಹೋಗಿದೆ ಎಂದು ಪತ್ರ ಬರೆಯಿತು. ಏಪ್ರಿಲಿನಿಂದ ಸಂಬಳ ನಿಂತಿತು. ಜೂನಿನಲ್ಲಿ ಅವನು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೊರಟುಹೋದ. ಜುಲೈ ತಿಂಗಳ ಒಂದು ರಾತ್ರಿ, ಮೊಬೈಲ್ ಕಿತ್ತುಕೊಂಡ ಜಗಳದಲ್ಲಿ ಸಿಲುಕಿದ ನಮ್ಮ ಹುಡುಗನೊಬ್ಬ ಅವನ ಹಳೆಯ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದ್ದ. ಆ ನಂಬರು ಚಾಲ್ತಿಯಲ್ಲಿರಲಿಲ್ಲ. ಐದನೆಯ ಸಲ ಫೋನ್ ಮಾಡುವ ಬದಲು ಅವನು ಗೆಳೆಯರನ್ನು ಕರೆದುಕೊಂಡು ಹೋದ. ಆ ರಾತ್ರಿ ಮೂವರಿಗೆ ಗಾಯವಾಯಿತು, ಒಬ್ಬ ಹುಡುಗನ ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಫೋನ್ ಎತ್ತಿದ್ದರೆ ಇದು ನಡೆಯುತ್ತಿರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಆ ನಾಲ್ಕು ಕರೆಗಳನ್ನು ಮರೆಯಲೂ ಆರೆ.

ಅದೇ ವರ್ಷ ನಾವು ಊರವರ ಮುಂದೆ ಹೋದೆವು. ನಾನು ಮತ್ತು ಉಸ್ತಾದರು ಇಬ್ಬರೇ, ಹಗಲು ಹೊತ್ತಿನಲ್ಲಿ, ಮನೆಮನೆಗೆ. ಕೇಳಿದ್ದು ತಿಂಗಳಿಗೆ 200 ರೂಪಾಯಿ. ಇಷ್ಟವಿಲ್ಲದಿದ್ದರೆ ಯಾವ ತಿಂಗಳಾದರೂ ನಿಲ್ಲಿಸಬಹುದು. ಬೀದಿಯ ಕೊನೆಯ ದಿನಸಿ ಅಂಗಡಿಯವರು ನಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ನೇರವಾಗಿ ಹೇಳಿದರು: "ಮೇಷ್ಟ್ರೇ, ನೂರಕ್ಕೆ ತೊಂಬತ್ತು ತೆಗೆದ ಬಡ ಹುಡುಗಿಗೆ ಫೀಸು ಕಟ್ಟಿ ಅನ್ನಿ, ಈಗಲೇ ಕಟ್ತೀನಿ. ಚಾಕು ಹಿಡಿಯೋ ಪುಂಡರಿಗೆ ನಾನ್ಯಾಕೆ ಹಾಲು ಕುಡಿಸಲಿ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಓದುವ ಹುಡುಗಿಗೆ ಕೊಟ್ಟ ಹಣದ ಫಲ ಅಂಕಪಟ್ಟಿಯಲ್ಲಿ ಕಾಣುತ್ತದೆ; ನಡೆಯದೆ ಹೋದ ಇರಿತವನ್ನು ಯಾವ ಪಟ್ಟಿಯಲ್ಲಿ ತೋರಿಸಲಿ? ಅಂದು ನಾನು ಅವರಿಗೆ ಹೇಳಿದ್ದು ಇಷ್ಟೆ: ಹೋದ ಜುಲೈಯಲ್ಲಿ ಗಲಾಟೆಯ ನಂತರ ನೀವು ಎಷ್ಟು ಸಂಜೆ ಅಂಗಡಿಯ ಬಾಗಿಲನ್ನು ಏಳಕ್ಕೇ ಎಳೆದಿರಿ, ಆ ಓದುವ ಹುಡುಗಿ ಎಷ್ಟು ಸಂಜೆ ಟ್ಯೂಷನ್ನಿಗೆ ಹೋಗಲಿಲ್ಲ, ಲೆಕ್ಕ ಹಾಕಿ. ಅವರು ಲೆಕ್ಕ ಹಾಕಿದರೋ ಇಲ್ಲವೋ, ಹಣ ಮಾತ್ರ ಕೊಡಲಿಲ್ಲ.

ಮೊದಲ ತಿಂಗಳು 61 ಮನೆಗಳು ಕೊಟ್ಟವು. ಈಗ 120 ಮನೆಗಳು 200ರಂತೆ, 26 ಮಂದಿ 500ರಂತೆ ಕೊಡುತ್ತಾರೆ, ಒಟ್ಟು 37,000. ಇದರಲ್ಲಿ ಇಬ್ಬರು ಕಾರ್ಯಕರ್ತರಿಗೆ 14,000ದಂತೆ 28,000 ಸಂಬಳ, ಹಾಲು, ಮೊಟ್ಟೆ, ಕಡಲೆಗೆ 4,500, ವಿದ್ಯುತ್ತು ಮತ್ತು ಅಖಾಡದ ಮಣ್ಣಿಗೆ 1,500, ತುರ್ತು ನಿಧಿಗೆ 3,000. ಈ ಲೆಕ್ಕವನ್ನು ಗರಡಿಯ ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ ಪ್ರತಿ ತಿಂಗಳ ಐದನೆಯ ತಾರೀಖು ಸುಣ್ಣದ ಕಡ್ಡಿಯಿಂದ ಬರೆಯುತ್ತೇವೆ. ಈ ಕೆಲಸ ನಡೆಸುವ ನಮ್ಮ ಟ್ರಸ್ಟಿಗೆ, ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆಯೂ ಇದೆ, ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ರಿಯಾಯಿತಿ ಸಿಗದೆಂಬುದನ್ನು ದೊಡ್ಡ ಮೊತ್ತದ ದಾನಿಗಳಿಗೆ ಮೊದಲೇ ತಿಳಿಸುತ್ತೇವೆ. ಆದರೆ ನಮ್ಮ ಬೀದಿಯವರು ನೋಡುವುದು ತೆರಿಗೆಯ ಚೀಟಿಯನ್ನಲ್ಲ, ಹಲಗೆಯನ್ನು.

ಆ 3,000 ರೂಪಾಯಿಯ ತುರ್ತು ನಿಧಿ ಏನು ಮಾಡುತ್ತದೆ ಎಂಬುದಕ್ಕೆ 2019ರ ಒಂದು ರಾತ್ರಿಯನ್ನು ಹೇಳಬೇಕು. ಪಕ್ಕದ ಬಡಾವಣೆಯವರ ಹೊಡೆತದಿಂದ ತಲೆ ಒಡೆದುಕೊಂಡ ಹುಡುಗನನ್ನು ಆಸ್ಪತ್ರೆಗೆ ಸೇರಿಸಿದ್ದರು. ತುರ್ತು ಚಿಕಿತ್ಸಾ ವಿಭಾಗದ ಹೊರಗಿನ ಕಾರಿಡಾರಿನಲ್ಲಿ ಅವನ ಅಣ್ಣ, ರಕ್ತ ಮೆತ್ತಿದ ಟವೆಲನ್ನು ಕೈಗೆ ಸುತ್ತಿಕೊಂಡು ಗೋಡೆಗೊರಗಿ ಕುಳಿತಿದ್ದ. ಸುತ್ತ ಏಳೆಂಟು ಗೆಳೆಯರು ಅವನ ಬಾಯಿಂದ ಒಂದು ಮಾತು ಬರಲೆಂದು ಕಾಯುತ್ತಿದ್ದರು. ನಮ್ಮ ಕಾರ್ಯಕರ್ತ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಒಂದೂವರೆ ಗಂಟೆ ಏನೂ ಉಪದೇಶ ಮಾಡಲಿಲ್ಲ. ನೀರು ತಂದುಕೊಟ್ಟ, ಹೊಲಿಗೆ ಎಷ್ಟಾಯಿತೆಂದು ನರ್ಸಮ್ಮನನ್ನು ಕೇಳಿ ಬಂದು ಹೇಳಿದ, ಗೆಳೆಯರನ್ನು ಇಬ್ಬಿಬ್ಬರಂತೆ ಮನೆಗೆ ಕಳುಹಿಸಿದ. ಬೆಳಗಿನ ಎರಡು ಗಂಟೆಗೆ ಟ್ಯಾಕ್ಸಿ ಮಾಡಿ, ಆ ಅಣ್ಣನನ್ನೂ ಅವನ ತಾಯಿಯನ್ನೂ ಟಿ. ನರಸೀಪುರದ ಸೋದರಮಾವನ ಮನೆಗೆ ಬಿಟ್ಟುಬಂದ. ಹತ್ತು ದಿನ ಅವನು ಅಲ್ಲಿಯೇ ಇದ್ದ. ಅಷ್ಟರಲ್ಲಿ ಎರಡೂ ಬಡಾವಣೆಯ ಹಿರಿಯರು ಕೂತು ಮಾತಾಡಿದರು. ಟ್ಯಾಕ್ಸಿಯ ಬಾಡಿಗೆ 1,400 ರೂಪಾಯಿ. ರಾತ್ರಿ ಎರಡಕ್ಕೆ ಯಾವ ಇಲಾಖೆಯ ಯಾವ ಲೆಕ್ಕಶೀರ್ಷಿಕೆಯಿಂದ ಈ 1,400 ತರಬೇಕಿತ್ತು? ಅಮೆರಿಕದ ಕ್ಯಾಲಿಫೋರ್ನಿಯಾದ ರಿಚ್ಮಂಡ್ ನಗರಸಭೆಯು 2007ರಲ್ಲಿ ನೆರೆಹೊರೆಯ ಸುರಕ್ಷತೆಗೆಂದೇ ಕಚೇರಿ ತೆರೆದು, ಸಿಬ್ಬಂದಿಯ ಖರ್ಚನ್ನು ನಗರದ ಹಣದಿಂದಲೂ, ಬಂದೂಕಿನ ಹಿಂಸೆಯಿಂದ ದೂರ ಉಳಿಯುವ ಯುವಕರಿಗೆ ಮುಂದೆ ಕೊಡತೊಡಗಿದ ಮಾಸಾಶನವನ್ನು ಖಾಸಗಿ ದೇಣಿಗೆಯಿಂದಲೂ ಭರಿಸಿತೆಂದು ಓದಿದಾಗ ನನಗೆ ಆ ರಾತ್ರಿಯೇ ನೆನಪಾಯಿತು.

ದೇಣಿಗೆಗೆ ಒಂದು ಅಪಾಯವೂ ಅಂಟಿಕೊಂಡಿದೆ. ಕೊಟ್ಟವರಿಗೆ ಕತೆ ಬೇಕು. "ಬದಲಾದ ಹುಡುಗನೊಬ್ಬನನ್ನು ವೇದಿಕೆಗೆ ಕರೆಸಿ, ಎರಡು ಮಾತಾಡಲಿ" ಎಂದು ಒಳ್ಳೆಯ ಮನಸ್ಸಿನವರೇ ಕೇಳುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಕಾನೂನಿನೊಂದಿಗೆ ಸಂಘರ್ಷಕ್ಕಿಳಿದ ಮಗುವಿನ ಹೆಸರು, ಚಿತ್ರ, ಶಾಲೆ ಯಾವುದನ್ನೂ ಪ್ರಕಟಿಸಬಾರದೆನ್ನುತ್ತದೆ. ಕಾನೂನು ಹಾಗಿರಲಿ, ಹದಿನೇಳರಲ್ಲಿ ಮಾಡಿದ ತಪ್ಪನ್ನು ಹುಡುಗ ಇಪ್ಪತ್ತರಲ್ಲಿ ಮೈಕಿನ ಮುಂದೆ ಒಪ್ಪಿಸಿದರೆ, ಬೀದಿ ಅವನನ್ನು ನಲವತ್ತರವರೆಗೂ ಅದೇ ಹೆಸರಿನಿಂದ ಕರೆಯುತ್ತದೆ. ಈ ಕಾರಣಕ್ಕೆ ಎರಡು ದೊಡ್ಡ ದೇಣಿಗೆಗಳನ್ನು ನಾವು ಕಳೆದುಕೊಂಡಿದ್ದೇವೆ.

ಹಾಗಾದರೆ ಸಾರ್ವಜನಿಕರ ದೇಣಿಗೆಯಿಂದ ಈ ಕೆಲಸ ನಡೆಯಬೇಕೇ? ನಡೆಯಬೇಕು, ಆದರೆ ಹಲವರ ಚಿಕ್ಕ ಹಣದಿಂದ, ಯಾರ ಫ್ಲೆಕ್ಸೂ ಇಲ್ಲದೆ, ವಸ್ತುವಿಗಿಂತ ಮೊದಲು ಮನುಷ್ಯನ ಸಂಬಳಕ್ಕೆ ಹೋಗುವಂತೆ. ನಾನು ಮೇಲೆ ಹೇಳಿದ ಶಿಕಾಗೋದ ಕಾರ್ಯಕ್ರಮವನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ, ಅದು ನಡೆಯುತ್ತಿದ್ದ ಅವಧಿಯಲ್ಲಿ ಹಿಂಸಾ ಅಪರಾಧಗಳಿಗಾಗಿ ಆಗುವ ಬಂಧನಗಳು ಶೇ. 45ರಿಂದ 50ರಷ್ಟು ಇಳಿದಿದ್ದವು. ಕಾರ್ಯಕ್ರಮ ಮುಗಿದ ಮೇಲೆ ಆ ಇಳಿಕೆ ಉಳಿಯಲಿಲ್ಲ. ನಮ್ಮ 2018ರ ಜುಲೈಯನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಇದು ಲಸಿಕೆಯಂತೆ ಒಮ್ಮೆ ಹಾಕಿ ಮುಗಿಸುವ ಕೆಲಸವಲ್ಲ, ಅನ್ನದಂತೆ ದಿನವೂ ಬೇಯಿಸಬೇಕಾದದ್ದು.

ಅನ್ನದಂಥದ್ದಾದ್ದರಿಂದಲೇ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2005ರಲ್ಲಿ ಪೊಲೀಸರೇ ಹಿಂಸೆಯನ್ನು ತಗ್ಗಿಸುವ ಘಟಕವನ್ನು ಆರಂಭಿಸಿ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ನೋಡಿದರು. ಮರುವರ್ಷ ಆ ಘಟಕ ಸರ್ಕಾರದ ಹಣದಲ್ಲಿ ಇಡೀ ಸ್ಕಾಟ್ಲೆಂಡಿಗೆ ವಿಸ್ತರಿಸಿತು. ನಮ್ಮ ಬಾಲನ್ಯಾಯ ಕಾಯ್ದೆಯ 105ನೆಯ ಕಲಮು ಮಕ್ಕಳ ಕಲ್ಯಾಣ ಮತ್ತು ಪುನರ್ವಸತಿಗಾಗಿ ರಾಜ್ಯವು ನಿಧಿಯೊಂದನ್ನು ಸ್ಥಾಪಿಸಲು, ಅದಕ್ಕೆ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಸ್ವಇಚ್ಛೆಯಿಂದ ದೇಣಿಗೆ ಕೊಡಲು ಅವಕಾಶ ಮಾಡಿದೆ. ಕಾರ್ಯಕರ್ತರ ಸಂಬಳ ಇಂಥ ನಿಧಿಯಿಂದ ಬಂದು, ಊರವರ ಹಣ ರಾತ್ರಿಯ ಟ್ಯಾಕ್ಸಿಗೆ, ಹಾಲಿಗೆ, ಐಟಿಐ ಪ್ರವೇಶದ ಶುಲ್ಕಕ್ಕೆ ಉಳಿಯಬೇಕೆಂದು ನಾನು ಜಿಲ್ಲಾಡಳಿತಕ್ಕೆ ಮೂರು ಮನವಿ ಬರೆದಿದ್ದೇನೆ. ಸರ್ಕಾರದ ಹಣವೂ ನಿಲ್ಲಬಹುದೆಂಬುದನ್ನು ಬಲ್ಲೆ. ಶಿಕಾಗೋದಲ್ಲಿಯೇ ಬೀದಿಯ ಗುಂಡಿನ ಹಿಂಸೆಯನ್ನು ತಡೆಯಲು 2000ದಲ್ಲಿ ಆರಂಭವಾದ 'ಸೀಸ್‌ಫೈರ್' ಎಂಬ ಯೋಜನೆಗೆ 2007ರಲ್ಲಿ ರಾಜ್ಯದ ಹಣ ಕಡಿತವಾಗಿತ್ತು. ಆದರೂ ಸರ್ಕಾರ ನಿಲ್ಲಿಸಿದಾಗ ಹೋಗಿ ಕೇಳಲು ಒಂದು ಬಾಗಿಲಿರುತ್ತದೆ. ಕಂಪನಿಯ ಪತ್ರ ಬಂದಾಗ ನಮಗೆ ಆ ಬಾಗಿಲೂ ಇರಲಿಲ್ಲ.

ದಿನಸಿ ಅಂಗಡಿಯವರು ಇಂದಿಗೂ ಹಣ ಕೊಡುವುದಿಲ್ಲ. ಕೊರೋನಾ ಬಂದ 2020ರಲ್ಲಿ ಗರಡಿ ಮುಚ್ಚಿ, ಅರ್ಧಕ್ಕರ್ಧ ಮನೆಗಳ ಚಂದಾ ನಿಂತಾಗ, ಹುಡುಗರು ಮನೆಮನೆಗೆ ಹಂಚಿದ ಅಕ್ಕಿಯ ಮೂಟೆಗಳನ್ನು ಮಾತ್ರ ಅವರು ಸಾಲದ ಮೇಲೆ ಕೊಟ್ಟರು. ಆ ಸಾಲ ತೀರಿಸಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈ ತಿಂಗಳ ಐದರಂದು ಹಲಗೆಯಲ್ಲಿ 2,600 ರೂಪಾಯಿ ಕೊರತೆ ಎಂದು ಬರೆದಿದ್ದೇವೆ. ಹಾಲು, ಮೊಟ್ಟೆಯನ್ನು ವಾರಕ್ಕೆ ಆರು ದಿನದಿಂದ ಮೂರಕ್ಕೆ ಇಳಿಸಿದ್ದೇವೆ, ಉಳಿದದ್ದನ್ನು ತುರ್ತು ನಿಧಿಯಿಂದ ತುಂಬಿದ್ದೇವೆ. ಇಬ್ಬರ ಸಂಬಳವನ್ನು ಮುಟ್ಟಿಲ್ಲ.