ಕಲಬುರಗಿಯ ಕಿಸೆಗೆ ಹದಿನೈದು ಸಂಪುಟದ ಫ್ಯಾಂಟಸಿ

ಪತ್ತೇದಾರಿ ಕಾದಂಬರಿ ಓದುವವರು ಪುಣ್ಯವಂತರು, ಒಂದು ತಂದರೆ ಅಲ್ಲಿಗೆ ಮುಗಿಯಿತು. ಫ್ಯಾಂಟಸಿ, ಅಂದರೆ ಮಾಯಾಲೋಕದ ಕಥೆ, ಹಿಡಿದವರಿಗೆ ಆ ಭಾಗ್ಯ ಇಲ್ಲ. ರಾಬರ್ಟ್ ಜೋರ್ಡನ್ ಶುರು ಮಾಡಿ, 2007ರಲ್ಲಿ ಅವರು ತೀರಿಕೊಂಡ ಮೇಲೆ ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಿದ ‘ದಿ ವೀಲ್ ಆಫ್ ಟೈಮ್’ 14 ಸಂಪುಟ, ಪೂರ್ವಕಥೆ ಸೇರಿದರೆ 15. ಒಂದಕ್ಕೆ 500 ರೂಪಾಯಿ ಹಿಡಿದರೂ 7,500. ಸರಣಿ ಹಿಡಿಸುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಬಾಕ್ಸ್ ಸೆಟ್ ತರಿಸಿ ಅಟ್ಟಕ್ಕೆ ಹಾಕುವವರು ಇದ್ದಾರೆ. ನನ್ನ ಪದ್ಧತಿ ಬೇರೆ. ಸರಣಿಯ ಎಲ್ಲ ಭಾಗಕ್ಕೂ ಒಂದೇ ದಾರಿ ಹಿಡಿಯುವುದಿಲ್ಲ. ಆರಂಭದವು, ನಡುವಿನವು, ಕೊನೆಯವು ಅಂತ ಮೂರು ಪಾಲು ಮಾಡಿ, ಒಂದೊಂದನ್ನು ಒಂದೊಂದು ಕಡೆ ಹುಡುಕುತ್ತೇನೆ.

ಹಳೇ ಪುಸ್ತಕದ ಪೇಟೆಯ ಗುಣವೇ ಇದಕ್ಕೆ ಕಾರಣ. ಒಟಿಟಿಯಲ್ಲಿ ಸೀರಿಯಲ್ ನೋಡಿದ ಜನ ಮೊದಲ ಭಾಗ ಕೊಳ್ಳುತ್ತಾರೆ, ಇನ್ನೂರು ಪುಟಕ್ಕೆ ಸುಸ್ತಾಗಿ ಮಾರುತ್ತಾರೆ. ಹಾಗಾಗಿ ಯಾವ ಫುಟ್‌ಪಾತ್ ನೋಡಿದರೂ ಒಂದನೇ ಭಾಗದ ರಾಶಿ. ಐದನೇ ಭಾಗದವರೆಗೆ ಬಂದವನು ಮಾತ್ರ ಪುಸ್ತಕ ಬಿಟ್ಟುಕೊಡುವವನಲ್ಲ. ಐದು, ಆರು, ಏಳು ಹಳೇ ಪೇಟೆಯಲ್ಲಿ ಕಾಣಿಸುವುದೇ ಅಪರೂಪ. ಅಂಗಡಿಯಲ್ಲೂ ಅವು ಒಂದೊಂದೇ ಪ್ರತಿ ಬರುತ್ತವೆ, ಖಾಲಿಯಾದರೆ ಮರುಮುದ್ರಣದವರೆಗೆ ಕಾಯಬೇಕು. ಆದ್ದರಿಂದ ಒಂದನೇ ಭಾಗವನ್ನು ಹೊಸದಾಗಿ ಕೊಳ್ಳಲೇಬಾರದು. ಸರಣಿ ಮುಂದುವರಿಸುವುದು ಗಟ್ಟಿಯಾದ ಮೇಲೆ ನಡುವಿನ ಭಾಗ ಎಲ್ಲಿ ಕಂಡರೂ, ನೀವಿನ್ನೂ ಎರಡರಲ್ಲೇ ಇದ್ದರೂ, ಎತ್ತಿಟ್ಟುಕೊಳ್ಳಬೇಕು. ಕೊನೆಯದಕ್ಕೆ ತಾಳ್ಮೆ ಬೇಕು. ಗಟ್ಟಿ ರಟ್ಟಿನ ಪ್ರತಿ ಬಂದ ಮೇಲೆ ಸಣ್ಣ ಪೇಪರ್‌ಬ್ಯಾಕ್ ಬರಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಆ ಒಂದು ವರ್ಷ ಕಥೆಯ ಗುಟ್ಟು ಮೊದಲೇ ಬಿಚ್ಚಿಡುವ ಸ್ಪಾಯ್ಲರ್ ಗೆಳೆಯರಿಂದ ದೂರ ಇರುವುದೇ ದೊಡ್ಡ ಉಳಿತಾಯ.

ಒಂದನೇ ಭಾಗ ಹಿಡಿಸುತ್ತದೋ ಇಲ್ಲವೋ ನೋಡಲು ದುಡ್ಡೇ ಬೇಕಿಲ್ಲ. ಅಮೆಜಾನಿನ ಇ-ಪುಸ್ತಕದ ಕಿಂಡಲ್ ಆಪ್ ಫೋನಿಗೆ ಉಚಿತ, ಅದರಲ್ಲಿ ಪುಸ್ತಕದ ಸ್ಯಾಂಪಲ್ ಸಾಮಾನ್ಯವಾಗಿ ಶೇ. 10ರಷ್ಟು ಸಿಗುತ್ತದೆ. ಬೇರೆ ಕಾದಂಬರಿಯಲ್ಲಿ ಅದು ಇಪ್ಪತ್ತು ಪುಟ, ನಮ್ಮ ಸಾವಿರ ಪುಟದ ಗುಂಡುಕಲ್ಲುಗಳಲ್ಲಿ ನೂರು ಪುಟ. ನೂರು ಪುಟಕ್ಕೂ ಹಿಡಿತ ಸಿಗದ ಸರಣಿ ನನಗೆ ಬೇಡ.

ಈಗ ಎಲ್ಲರೂ ಮುಗ್ಗರಿಸುವ ಜಾಗ: ಆವೃತ್ತಿ. ನಮ್ಮ ದೇಶಕ್ಕೆ ಹೆಚ್ಚಾಗಿ ಬರುವುದು ಬ್ರಿಟನ್ ಪ್ರಕಾಶಕರ ಪೇಪರ್‌ಬ್ಯಾಕ್. ಅವರು ದಪ್ಪ ಪುಸ್ತಕವನ್ನು ಎರಡಾಗಿ ಒಡೆಯುತ್ತಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ನಲ್ಲಿ ಬಂದಿರುವುದು ಐದು ಕಾದಂಬರಿ, ಆದರೆ ಪೇಪರ್‌ಬ್ಯಾಕ್ ಸೆಟ್ಟಿನಲ್ಲಿ ಏಳು ಪುಸ್ತಕ. ಮೂರನೆಯದು ಮತ್ತು ಐದನೆಯದು ಎರಡೆರಡು ಭಾಗವಾಗಿವೆ. ಸ್ಯಾಂಡರ್ಸನ್ ಅವರ ‘ಸ್ಟಾರ್ಮ್‌ಲೈಟ್’ ಸರಣಿಯದೂ ಇದೇ ಕಥೆ. ಅದರ ಮೊದಲ ಪುಸ್ತಕ ‘ದಿ ವೇ ಆಫ್ ಕಿಂಗ್ಸ್’ ಬ್ರಿಟಿಷ್ ಪೇಪರ್‌ಬ್ಯಾಕಿನಲ್ಲಿ ಎರಡು ಪುಸ್ತಕ, ಅಮೆರಿಕದ ಪೇಪರ್‌ಬ್ಯಾಕಿನಲ್ಲಿ ಒಂದೇ. ಆನ್‌ಲೈನಿನಲ್ಲಿ ‘ಅಗ್ಗಕ್ಕೆ’ ಸಿಕ್ಕಿತು ಅಂತ ತರಿಸಿದರೆ ಅರ್ಧ ಪುಸ್ತಕ ಮನೆಗೆ ಬಂದಿರುತ್ತದೆ. ಮುಖಪುಟದ ಚಿತ್ರವನ್ನು ನಂಬಬೇಡಿ, ಪುಟಸಂಖ್ಯೆ ನೋಡಿ. ಸಾವಿರ ಪುಟ ಮೀರಬೇಕಾದ ಪುಸ್ತಕಕ್ಕೆ ಐನೂರು ಚಿಲ್ಲರೆ ತೋರಿಸಿದರೆ ಅದು ತುಂಡು. ಹಿಂಬದಿಯ ಐಎಸ್‌ಬಿಎನ್ ಸಂಖ್ಯೆಯನ್ನು ಹುಡುಕಾಟದಲ್ಲಿ ಹಾಕಿದರೆ ‘ಪಾರ್ಟ್ ಒನ್’ ಹೌದೋ ಅಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅರ್ಧ ಸೆಟ್ ಬ್ರಿಟನ್ನಿನದು, ಅರ್ಧ ಅಮೆರಿಕದ್ದು ಆದರೆ ಓದಲು ತೊಂದರೆ ಇಲ್ಲ, ಮುಂದೆ ಮಾರುವಾಗ ಬೆಲೆ ಬೀಳುತ್ತದೆ.

ಇಂಗ್ಲಿಷ್ ಹಳೇ ಪುಸ್ತಕಕ್ಕೆ ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರೈಲಿನಲ್ಲಿ ನಾಂಪಲ್ಲಿಗೆ ಇಳಿದರೆ ಅಬಿಡ್ಸ್ ನಡೆದು ಹೋಗುವ ದೂರ. ಭಾನುವಾರ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಪುಸ್ತಕ ಹರಡುತ್ತಾರೆ, ಉಳಿದ ದಿನ ಕೋಠಿ ನೋಡಬಹುದು. ನಮ್ಮ ದಖನಿ ಉರ್ದು ಅಲ್ಲಿ ಬಲು ಉಪಯೋಗ. ಇಂಗ್ಲಿಷಿನಲ್ಲಿ ಕೇಳಿದರೆ ಒಂದು ರೇಟು, “ಕ್ಯಾ ಭಾಯ್, ಪೂರಾ ಸೆಟ್ ನಕ್ಕೋ, ಚಾರ್ ನಂಬರ್‌ಕಾ ಹೋನಾ” (ಪೂರ್ತಿ ಸೆಟ್ ಬೇಡ, ನಾಲ್ಕನೆಯದು ಬೇಕು) ಅಂದರೆ ಇನ್ನೊಂದು ರೇಟು. ಪೇಪರ್‌ಬ್ಯಾಕಿಗೆ 100ರಿಂದ 250ರೊಳಗೆ ಚೌಕಾಸಿ ನಿಲ್ಲಬೇಕು. ಬೇಕಾದ ಭಾಗಗಳ ಪಟ್ಟಿಯನ್ನು ಹೆಸರು ಮತ್ತು ಕ್ರಮಸಂಖ್ಯೆ ಎರಡರ ಜೊತೆಗೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಏಕೆಂದರೆ ಎಷ್ಟೋ ಪುಸ್ತಕದ ಬೆನ್ನಿನ ಮೇಲೆ ಎಷ್ಟನೇ ಭಾಗ ಅಂತ ಇರುವುದಿಲ್ಲ.

ಕೈಗೆ ತೆಗೆದುಕೊಂಡ ಪುಸ್ತಕವನ್ನು ಹೀಗೆ ಪರೀಕ್ಷಿಸುತ್ತೇನೆ. ಮೊದಲು ನಟ್ಟನಡುವೆ ಬಿಡಿಸಿ ಬೆನ್ನಿನ ಒಳಭಾಗ ನೋಡುವುದು. ಅಲ್ಲಿ ಬಿಳಿ ಗೆರೆ ಕಂಡರೆ ಅಂಟು ಒಣಗಿದೆ, ಎರಡನೇ ಓದಿಗೆ ಪುಟ ಉದುರುತ್ತವೆ. ಆಮೇಲೆ ಮೂಗಿನ ಹತ್ತಿರ ಹಿಡಿಯುವುದು. ಬೂಷ್ಟಿನ ವಾಸನೆ ಇದ್ದರೆ ಮನೆಯ ಉಳಿದ ಪುಸ್ತಕಕ್ಕೂ ಹಬ್ಬುತ್ತದೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಕೊನೆಗೆ ನಕಾಶೆ. ಫ್ಯಾಂಟಸಿ ಪುಸ್ತಕದ ಆರಂಭದ ನಕಾಶೆಯನ್ನು ಹರಿದುಕೊಳ್ಳುವ ಮಹಾನುಭಾವರು ಇದ್ದಾರೆ. ನಕಲಿ ಮುದ್ರಣದಲ್ಲಿ ಅದೇ ನಕಾಶೆ ಮಸಿ ಬಳಿದಂತೆ ಕಾಣುತ್ತದೆ, ಊರಿನ ಹೆಸರು ಓದಲಾಗುವುದಿಲ್ಲ. ನಕಲಿ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನಕಲಿಯಲ್ಲಿ ಲೇಖಕರಿಗೆ ಬಿಡಿಗಾಸೂ ಸಿಗುವುದಿಲ್ಲ, ಮೇಲಾಗಿ ಹದಿನಾರು ಪುಟಗಳ ಒಂದು ಫಾರಂ ಮಾಯವಾಗಿದ್ದರೆ ಅದು ಯುದ್ಧದ ಅಧ್ಯಾಯವೇ ಆಗಿರುತ್ತದೆ.

ಕೂಡಿ ಕೊಳ್ಳುವುದು ಇನ್ನೊಂದು ದಾರಿ. ನಾಲ್ಕು ಜನ ಸಾಕು, ಜಾಸ್ತಿಯಾದರೆ ಪುಸ್ತಕ ತಿರುಗುವಷ್ಟರಲ್ಲಿ ಹಿಂದಿನ ಕಥೆ ಮರೆತುಹೋಗಿರುತ್ತದೆ. ಹದಿನೈದು ಸಂಪುಟದಲ್ಲಿ ಮೊದಲ ಐದು ಹಳೇವು 150ರಂತೆ 750, ನಡುವಿನ ಏಳು 250ರಂತೆ 1,750, ಕೊನೆಯ ಮೂರು ಹೊಸವು 500ರಂತೆ 1,500, ಒಟ್ಟು 4,000. ತಲೆಗೆ ಸಾವಿರ. ತಿಂಗಳಿಗೊಂದು ಓದಿದರೆ ತಿಂಗಳಿಗೆ 67 ರೂಪಾಯಿ. ಎಲ್ಲ ಭಾಗ ಒಟ್ಟಿಗೆ ಕೊಳ್ಳುವ ಅಗತ್ಯವೂ ಇಲ್ಲ. ಮೊದಲನೆಯವನು ಒಂದನೇ ಭಾಗ ಮುಗಿಸಿದಾಗ ಎರಡನೆಯದಕ್ಕೆ ದುಡ್ಡು ಹಾಕಿದರೆ ಸಾಕು, ಮಧ್ಯೆ ಯಾರಾದರೂ ಕೈಬಿಟ್ಟರೂ ನಷ್ಟ ಕಡಿಮೆ. ಬೇಗ ಓದುವವನು ಸಾಲಿನ ಮುಂದೆ, ನಿಧಾನದವನು ಕೊನೆಗೆ. ಇದನ್ನು ತಿರುವು ಮುರುವು ಮಾಡಿದರೆ ಮೂವರು ಒಬ್ಬನ ಬಾಯಿ ನೋಡುತ್ತಾ ಕೂರಬೇಕಾಗುತ್ತದೆ. ಯಾವ ಭಾಗ ಯಾರ ಹತ್ತಿರ ಇದೆ ಅನ್ನುವುದನ್ನು ವಾಟ್ಸಾಪ್ ಗುಂಪಿನ ವಿವರಣೆಯಲ್ಲೇ ಬರೆದಿಡಿ, ಮೆಸೇಜಿನಲ್ಲಿ ಹಾಕಿದರೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಕೂಡಿ ಕೊಂಡ ಪುಸ್ತಕವನ್ನು ಕೈಯಿಂದ ಕೈಗೆ ಕೊಡಬಹುದು, ಫೋಟೊ ತೆಗೆದು ಪಿಡಿಎಫ್ ಮಾಡಿ ಹಂಚುವಂತಿಲ್ಲ.

ಗುಂಪಿನ ಒಬ್ಬರು ಬೀದರಿನಲ್ಲೋ ಯಾದಗಿರಿಯಲ್ಲೋ ಇದ್ದರೆ ಕೆಕೆಆರ್‌ಟಿಸಿ ಬಸ್ಸಿನ ಕಾರ್ಗೋ ಇದೆ, ಆದರೆ ಬಸ್ ಸ್ಟ್ಯಾಂಡಿಗೆ ಹೋಗಿ ಬಿಡಿಸಿಕೊಳ್ಳಬೇಕು. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಶುರು ಮಾಡಿದೆ. ತೆರಿಗೆ ಬಿಟ್ಟು 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಅಂತ ದರ ಇಟ್ಟು ಆರಂಭವಾದದ್ದು. ಇದು ಶೈಕ್ಷಣಿಕ, ಸಾಂಸ್ಕೃತಿಕ ಬಗೆಯ ಪುಸ್ತಕಗಳಿಗೆ ಅಂತ ಇರುವುದರಿಂದ ಕಾದಂಬರಿ ತೆಗೆದುಕೊಳ್ಳುತ್ತಾರೋ ಇಲ್ಲವೋ ಪ್ಯಾಕ್ ಅಂಟಿಸುವ ಮೊದಲೇ ಕೌಂಟರಿನಲ್ಲಿ ಕೇಳಿ.

ಗ್ರಂಥಾಲಯದಲ್ಲಿ ಈ ಸರಣಿಗಳು ಪೂರ್ತಿ ಸಿಗುವುದು ಕಷ್ಟ. ಹಾಗಂತ ಕೇಳದೆ ಬಿಡಬೇಡಿ, ಮನೆ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ನಾವೇ ಕಟ್ಟುತ್ತೇವೆ.

ಫೋನಿನಲ್ಲಿ ಓದುವವರಿಗೆ ಎರಡು ಮಾತು. ತಿಂಗಳಿಗಿಷ್ಟು ಕಟ್ಟಿ ಬೇಕಾದಷ್ಟು ಓದುವ ಕಿಂಡಲ್ ಅನ್‌ಲಿಮಿಟೆಡ್ ಚಂದಾದಲ್ಲಿ ದೊಡ್ಡ ಪ್ರಕಾಶಕರ ಹೆಸರುವಾಸಿ ಸರಣಿಗಳು ಕಡಿಮೆ, ತಾವೇ ಪ್ರಕಟಿಸುವ ಲೇಖಕರ ಸರಣಿಗಳು ರಾಶಿ ರಾಶಿ. ಒಂದು ಸರಣಿ ಗುರಿ ಇಟ್ಟುಕೊಂಡು ಒಂದು ತಿಂಗಳು ಹಾಕಿಸಿ, ಮುಗಿಸಿ, ನಿಲ್ಲಿಸಬೇಕು. ಚಂದಾ ನಿಂತ ದಿನ ಪುಸ್ತಕವೂ ಹೋಗುತ್ತದೆ. ರಾಯಲ್ ರೋಡ್ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಉಚಿತ ಸರಣಿಗಳಿವೆ. ಆದರೆ ಅಲ್ಲಿನ ಲೇಖಕರು ಅನ್‌ಲಿಮಿಟೆಡ್‌ಗೆ ಹೋದಾಗ ಅಮೆಜಾನಿನ ನಿಯಮದಂತೆ ಬೇರೆಲ್ಲೂ ಡಿಜಿಟಲ್ ಪ್ರತಿ ಇಡುವಂತಿಲ್ಲ, ಹಳೇ ಅಧ್ಯಾಯಗಳು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುತ್ತವೆ. ಲೇಖಕರ ಸೂಚನೆ ಓದುತ್ತಿದ್ದರೆ ಮೊದಲೇ ಗೊತ್ತಾಗುತ್ತದೆ. ಕೇಳುವವರಿಗೆ ಆಡಿಯೊ ಪುಸ್ತಕದ ತಾಣ ಆಡಿಬಲ್‌ನಲ್ಲಿ ಒಂದು ಕ್ರೆಡಿಟ್‌ಗೆ (ಚಂದಾದ ಜೊತೆ ಸಿಗುವ ಟೋಕನ್) ಒಂದು ಪುಸ್ತಕ, ಅದು ಆರು ಗಂಟೆಯದಿರಲಿ ನಲವತ್ತೈದು ಗಂಟೆಯದಿರಲಿ. ಕ್ರೆಡಿಟ್ಟನ್ನು ಯಾವಾಗಲೂ ಸರಣಿಯ ಅತಿ ದಪ್ಪ ಭಾಗಕ್ಕೆ ಉಳಿಸಿಟ್ಟುಕೊಳ್ಳಿ.

ಪೂರ್ತಿ ಪುಕ್ಕಟೆಯೂ ಇದೆ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಸಿ. ಎಸ್. ಲೂಯಿಸ್ 1963ರಲ್ಲಿ ತೀರಿಕೊಂಡರು, ಹಾಗಾಗಿ ನಾರ್ನಿಯಾದ ಏಳು ಪುಸ್ತಕ 2024ರಿಂದ ಇಲ್ಲಿ ಮುಕ್ತ. ಒಳಗಿನ ಚಿತ್ರಗಳು ಮಾತ್ರ ಇನ್ನೂ ಮುಕ್ತವಾಗಿಲ್ಲ, ಚಿತ್ರಕಾರ್ತಿ ಪಾಲಿನ್ ಬೇನ್ಸ್ ತೀರಿಕೊಂಡದ್ದು 2008ರಲ್ಲಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್‌ಗೆ 2033 ಮುಗಿಯುವವರೆಗೆ ಕಾಯಬೇಕು. ಇನ್ನು ನಮ್ಮ ಕಡೆ ಶಾಲೆಯಲ್ಲೇ ಹಿಂದಿ, ಉರ್ದು ಕಲಿತವರು ಬಹಳ. ಅವರು ಇಂಗ್ಲಿಷಿಗೇ ಅಂಟಿಕೊಳ್ಳುವುದು ನನಗೆ ಅರ್ಥವಾಗುವುದಿಲ್ಲ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ ಸಂತತಿ’ 24 ಭಾಗ, ಉರ್ದುವಿನ ‘ತಿಲಿಸ್ಮ್-ಎ-ಹೋಶ್‌ರುಬಾ’ ಸಾವಿರಾರು ಪುಟ. ಮೊದಲನೆಯದರ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ, ಎರಡನೆಯದು ರೇಖ್ತಾ ತಾಣದಲ್ಲಿ ಕಾಸಿಲ್ಲದೆ ಓದಲು ಸಿಗುತ್ತವೆ. ಮಾಯಾಜಾಲ, ವೇಷ ಮರೆಸುವ ಗೂಢಚಾರರಾದ ಐಯ್ಯಾರರು, ಕುತಂತ್ರ, ಯಾವುದಕ್ಕೂ ಬರ ಇಲ್ಲ.

ಕೊಂಡದ್ದನ್ನು ಮತ್ತೆ ಮಾರಬೇಕೆಂದರೆ ಬೇಸಿಗೆಯಿಂದ ಕಾಪಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಗಾಡಿಯ ಡಿಕ್ಕಿಯಲ್ಲೋ ಬಿಸಿಲಿಗೆ ನಿಂತ ಕಾರಿನಲ್ಲೋ ಬಿಟ್ಟರೆ ದಪ್ಪ ಪುಸ್ತಕದ ಅಂಟು ಕೆಟ್ಟು ಬೆನ್ನು ಬಿರಿಯುತ್ತದೆ. ಶಹಾಬಾದ ಫರಸಿಯ ಗೋಡೆ ಕಪಾಟಿದ್ದರೆ ಅದೇ ಒಳ್ಳೆಯದು, ಗೆದ್ದಲು ಕಲ್ಲನ್ನು ತಿನ್ನುವುದಿಲ್ಲ. ಗೋಡೆಯ ಬಿರುಕಿನಿಂದ ಬರಬಹುದು, ಆದ್ದರಿಂದ ಎರಡು ಬೆರಳಷ್ಟು ಜಾಗ ಬಿಟ್ಟು ಜೋಡಿಸಿ. ಪುಟ ಸಡಿಲಾದರೆ ಸೆಲೋಟೇಪ್ ಹಚ್ಚಬೇಡಿ, ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ಖಾಲಿ ರೀಫಿಲ್ಲಿನ ತುದಿಗೆ ಫೆವಿಕಾಲ್ ಅದ್ದಿ ಬಿರುಕಿನ ಉದ್ದಕ್ಕೂ ತೆಳ್ಳಗೆ ಎಳೆದು, ಸೋರಿದ್ದನ್ನು ಒರೆಸಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಸರಣಿಯ ಉಳಿದ ಭಾಗಗಳನ್ನೇ ಹೇರಿ ಒಂದು ರಾತ್ರಿ ಬಿಡಿ. ಅಂಟು ಜಾಸ್ತಿಯಾದರೆ ಅಕ್ಕಪಕ್ಕದ ಹತ್ತು ಪುಟ ಸೇರಿಕೊಂಡು ಬಿಡಿಸಲು ಬಾರದಂತಾಗುತ್ತವೆ.