ಚೋಕ್ ಹಾಕಿದರೆ ಮಾತ್ರ ಓಡುವ ಲಾನ್ ಮೋವರ್

ನಮ್ಮ ಲೇಔಟ್ ಇರುವುದು ಯಲಹಂಕದ ಆಚೆ. ನಡುವೆ ಒಂದು ಪಾರ್ಕು, ಅದರ ತುಂಬ ಹುಲ್ಲು, ಅದನ್ನು ಕತ್ತರಿಸಲು ಒಂದು ಪೆಟ್ರೋಲ್ ಲಾನ್ ಮೋವರ್. ಡಿಸೆಂಬರ್ ಕಳೆದರೆ ಹುಲ್ಲಿನ ಬೆಳವಣಿಗೆ ನಿಧಾನ, ಮೋವರ್ ಶೆಡ್ ಸೇರುತ್ತದೆ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಗುಡುಗು ಮಳೆ ಬಿದ್ದರೆ ಸಾಕು, ಹುಲ್ಲು ಎದ್ದು ನಿಲ್ಲುತ್ತದೆ. ಮೋವರ್ ಮಾತ್ರ ಏಳುವುದಿಲ್ಲ. ಈ ವರ್ಷ ಹಗ್ಗ ಎಳೆದೂ ಎಳೆದೂ ಮಾಲಿಯ ತೋಳು ಸೋತಿತ್ತು. ಚೋಕ್ ಪೂರ್ತಿ ಹಾಕಿದರೆ ಶುರುವಾಗುತ್ತಿತ್ತು, ತೆಗೆದ ಕೂಡಲೇ ಆಫ್.

"ಕಾರ್ಬುರೇಟರ್ ಹೋಗಿದೆ, ಹೊಸದು ಹಾಕ್ಸಿ" ಅಂತ ಎಲ್ಲರ ಸಲಹೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರ್ಬುರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಸಾಧನ, ಅದರಲ್ಲಿ ಸವೆಯುವ ಭಾಗಗಳೇ ಕಡಿಮೆ. ಕಟ್ಟಿಕೊಳ್ಳುವ ತೂತುಗಳು ಜಾಸ್ತಿ. ಎಂಜಿನ್ ಹೇಗೆ ಆಫ್ ಆಗುತ್ತಿದೆ ಅಂತ ನೋಡಿದರೆ ಯಾವ ತೂತು ಕಟ್ಟಿದೆ ಅನ್ನುವುದು ಬಿಚ್ಚುವ ಮುಂಚೆಯೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಚೋಕ್ ಹಾಕಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಏರುತ್ತದೆ, ಅಲ್ವಾ? ಹಾಗಿದ್ದಾಗ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಬರುತ್ತಿದೆ, ಸಾಲುತ್ತಿಲ್ಲ. ಜೆಟ್, ಅಂದರೆ ಪೆಟ್ರೋಲ್ ಅಳತೆಯಾಗಿ ಹಾಯುವ ಸಣ್ಣ ತೂತಿನ ಭಾಗ, ಅರ್ಧ ಕಟ್ಟಿದೆ. ಚೋಕ್ ಹಾಕಿದರೂ ಒಂದು ಕೆಮ್ಮೂ ಇಲ್ಲದಿದ್ದರೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಒಣಗಿದ್ದರೆ ಪೆಟ್ರೋಲ್ ಅಲ್ಲಿಗೆ ತಲುಪಿಯೇ ಇಲ್ಲ. ಒದ್ದೆಯಾಗಿದ್ದರೆ ಕಿಡಿಯ ಕಡೆ ನೋಡಿ, ಕಾರ್ಬುರೇಟರ್ ಸುಮ್ನೆ ಬಿಚ್ಚಬೇಡಿ. ಏರ್ ಫಿಲ್ಟರ್ ಕಡೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟಿನ (ಪೆಟ್ರೋಲಿನ ಮೇಲೆ ತೇಲುವ ಬುರುಡೆ) ನೀಡಲ್ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುತ್ತಿಲ್ಲ. ಇನ್ನೊಂದು, ಟ್ಯಾಂಕ್ ಮುಚ್ಚಳದ ಗಾಳಿತೂತು. ಅದು ಮುಚ್ಚಿಹೋದರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಮುಚ್ಚಳ ಸಡಿಲ ಮಾಡಿದರೆ ಮತ್ತೆ ಓಡುತ್ತದೆ. ಅದನ್ನು ನೋಡದೆ ಕಾರ್ಬುರೇಟರ್ ಬದಲಿಸಿದವರಿದ್ದಾರೆ.

ಕೆಲಸ ಶುರು ಮಾಡುವ ಮುಂಚೆ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟೆ. ಬ್ಲೇಡ್ ಕೈಯಲ್ಲಿ ತಿರುಗಿದರೂ ಎಂಜಿನ್ ಹತ್ತಿಕೊಳ್ಳಬಹುದು. ಜಾಗ ಬಯಲಾಗಿರಬೇಕು, ಹತ್ತಿರ ದೀಪ, ಸಿಗರೇಟು ಇರಬಾರದು. ಮೋವರ್ ವಾಲಿಸಬೇಕಾದರೆ ಕಾರ್ಬುರೇಟರ್ ಇರುವ ಬದಿ ಮೇಲಕ್ಕಿರಲಿ, ಇಲ್ಲದಿದ್ದರೆ ಆಯಿಲ್ ಏರ್ ಫಿಲ್ಟರಿಗೆ ಇಳಿಯುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಬರುವುದನ್ನು ತಡೆಯುವ ಫ್ಯೂಯಲ್ ಕಾಕ್ ಮುಚ್ಚಿದೆ. ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗ್ ಯಾವ ತೂತಿನಲ್ಲಿದೆ ಅಂತ ಮೊಬೈಲಿನಲ್ಲಿ ಎರಡು ಕಡೆಯಿಂದ ಫೋಟೊ ತೆಗೆದೆ. ಪಕ್ಕದ ತೂತಿಗೆ ಹಾಕಿದರೆ ಎಂಜಿನ್ ವೇಗವೇ ಬದಲಾಗಿಬಿಡುತ್ತದೆ.

ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಬೌಲ್, ಅದರ ಬೋಲ್ಟ್ ಬಿಚ್ಚಿದರೆ ತಳದಲ್ಲಿ ಜೋನಿಬೆಲ್ಲದ ಹಾಗೆ ಕಂದು ಅಂಟು, ಅದರ ಪಕ್ಕ ಬಿಳಿ ಪುಡಿ. ಅಂಟು ಹಳೆಯ ಪೆಟ್ರೋಲಿನದು. ಬಿಳಿ ಪುಡಿ, ನೀರು ಅಲ್ಯೂಮಿನಿಯಮ್ಮನ್ನು ತಿಂದ ಗುರುತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. 2023ರ ಫೆಬ್ರವರಿಯಲ್ಲಿ ಈ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದೂ ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ನಿಲ್ಲುವುದೇ ಇಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವ ಮೋವರಿಗೆ ತೊಂದರೆ.

ಫ್ಲೋಟಿನ ಪಿನ್ ತಳ್ಳಿ ಫ್ಲೋಟ್, ನೀಡಲ್ ಎರಡನ್ನೂ ಈಚೆ ತೆಗೆದೆ. ನಡುವಿನ ಕಂಬದಲ್ಲಿ ಹಿತ್ತಾಳೆಯ ಮೇನ್ ಜೆಟ್ ಕೂತಿರುತ್ತದೆ. ಸ್ಕ್ರೂಡ್ರೈವರ್ ಅದರ ಗೀರಿಗೆ ಸರಿಯಾಗಿ ಕೂರಬೇಕು, ಚಿಕ್ಕದು ಹಾಕಿ ತಿರುಗಿಸಿದರೆ ಹಿತ್ತಾಳೆ ಕಿತ್ತುಬರುತ್ತದೆ. ಜೆಟ್ ತೆಗೆದು ಬೆಳಕಿಗೆ ಹಿಡಿದೆ. ದುಂಡಗೆ ಕಾಣಬೇಕಿದ್ದ ತೂತು ಅರ್ಧಚಂದ್ರ ಆಗಿತ್ತು. ತುಂಬ ಜನ ಇಷ್ಟನ್ನು ತೊಳೆದು ಮುಚ್ಚಿಬಿಡುತ್ತಾರೆ. ಜೆಟ್ಟಿನ ಹಿಂದೆ ಮೈತುಂಬ ತೂತಿರುವ ಒಂದು ಸಣ್ಣ ಕೊಳವೆ ಇದೆ. ಪೆಟ್ರೋಲಿಗೆ ಗಾಳಿ ಬೆರೆಯುವುದು ಅಲ್ಲಿ. ಕಾರ್ಬುರೇಟರ್ ತಿರುಗಿಸಿ ಮೆಲ್ಲಗೆ ತಟ್ಟಿದೆ, ಬಿತ್ತು. ಅದರ ತೂತುಗಳೂ ಪಾಚಿ ಬಣ್ಣಕ್ಕೆ ತಿರುಗಿದ್ದವು.

ತೂತು ಬಿಡಿಸಲು ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ಸ್ಟೀಲು ಹಿತ್ತಾಳೆಯನ್ನು ಕೊರೆದು ತೂತು ದೊಡ್ಡದಾಗುತ್ತದೆ, ಆಮೇಲೆ ಜನ್ಮಕ್ಕೂ ಸರಿಹೋಗುವುದಿಲ್ಲ. ಕರೆಂಟಿನ ವೈರ್ ಸುಲಿದು ತಾಮ್ರದ ಒಂದು ಎಳೆ ತೆಗೆದುಕೊಂಡರೆ ಸಾಕು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೆ ಬರುತ್ತದೆ. ರಬ್ಬರ್ ಭಾಗಗಳಿಗೆ ಅದು ತಾಗಬಾರದು. ಬಾಡಿಯೊಳಗಿನ ದಾರಿಗಳಿಗೆ ನಾನು ನಂಬುವುದು ಗಾಳಿಯನ್ನೇ. ಬರಿ ಬಾಡಿಯನ್ನು ಚೀಲದಲ್ಲಿ ಹಾಕಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವರು ಕಂಪ್ರೆಸರ್ ಪೈಪ್ ಹಿಡಿದು ಒಂದೊಂದೇ ತೂತಿಗೆ ಗಾಳಿ ಬಿಟ್ಟರು, ದುಡ್ಡೂ ತೆಗೆದುಕೊಳ್ಳಲಿಲ್ಲ. ನೀರಿನಲ್ಲಿ ತೊಳೆಯಬಾರದು. ನಮ್ಮ ಬೋರ್‌ವೆಲ್ ನೀರಂತೂ ಒಣಗಿದ ಮೇಲೆ ಸುಣ್ಣ ಬಿಟ್ಟು ಹೋಗುತ್ತದೆ.

ಬೌಲಿನ ರಬ್ಬರ್ ರಿಂಗ್ ಉಬ್ಬಿ ತನ್ನ ಜಾಗಕ್ಕೇ ಕೂರುತ್ತಿರಲಿಲ್ಲ. ಪೆಟ್ರೋಲ್ ಕುಡಿದ ರಬ್ಬರ್ ಹಾಗೇ. ಗಾಳಿಯಲ್ಲಿ ಬಿಟ್ಟೆ, ಊಟ ಮುಗಿಸಿ ಬರುವಷ್ಟರಲ್ಲಿ ಕುಗ್ಗಿತ್ತು. ಬಿರುಕು ಬಿಟ್ಟಿದ್ದರೆ ಹೊಸದು ಬೇಕು, ಅಂಗಡಿಗೆ ಹಳೆಯದನ್ನೇ ಹಿಡಿದು ಹೋಗಿ. ಹಳೆಯ ಪೈಪು, ಕ್ಲಿಪ್ಪು ಬದಲಿಸುವುದಿದ್ದರೆ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳನ್ನು ಒಂದು ಸುತ್ತು ಹಾಕಬಹುದು.

ಮುಚ್ಚುವ ಮುಂಚೆ ಒಂದು ಪರೀಕ್ಷೆ. ಕಾರ್ಬುರೇಟರ್ ತಲೆಕೆಳಗೆ ಹಿಡಿದು ಪೆಟ್ರೋಲ್ ಬರುವ ಬಾಯಿಗೆ ಒಂದು ತುಂಡು ಪೈಪ್ ಸಿಕ್ಕಿಸಿ ಊದಿದೆ. ಫ್ಲೋಟಿನ ಭಾರಕ್ಕೆ ನೀಡಲ್ ಕೂತು ಗಾಳಿ ತಡೆಯಿತು. ಫ್ಲೋಟ್ ಎತ್ತಿದರೆ ಗಾಳಿ ಹೋಯಿತು. ಅಷ್ಟಾದರೆ ಸೋರುವ ಭಯವಿಲ್ಲ.

ಹೊಸ ಪೆಟ್ರೋಲ್ ಹಾಕಿ, ಚೋಕ್ ಹಾಕಿ ಎಳೆದೆ, ಹತ್ತಿತು. ಚೋಕ್ ತೆಗೆದರೂ ಓಡಿತು, ಆದರೆ ವೇಗ ಏರುತ್ತಾ ಇಳಿಯುತ್ತಾ ಇತ್ತು. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಮೇಲೆ ಅನುಮಾನ ಬಂತು. ಅಲ್ಲಿಂದ ಗಾಳಿ ನುಗ್ಗಿದರೂ ಹೀಗೇ ಆಗುತ್ತದೆ. ನಟ್ಟುಗಳನ್ನು ಎರಡೂ ಕಡೆ ಸಮವಾಗಿ ಬಿಗಿ ಮಾಡಿದ ಮೇಲೆ ಸದ್ದು ಒಂದೇ ಸಮ ಆಯಿತು.

ಈಗ ಮಾಲಿಗೆ ಹೇಳಿರುವುದು ಇಷ್ಟೇ: ಮೋವರ್ ಶೆಡ್ಡಿಗೆ ಹೋಗುವ ದಿನ ಕಾಕ್ ಮುಚ್ಚಿ, ತಾನಾಗಿ ನಿಲ್ಲುವ ತನಕ ಓಡಿಸಿ. ಆಮೇಲೆ ಬೌಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಇಳಿಸಿ. ಟ್ಯಾಂಕಿನ ಪೆಟ್ರೋಲ್ ಹಳಸುವ ಮುಂಚೆ ಬೈಕಿಗೆ ಹೋಗಲಿ. ಬ್ರಷ್ ಕಟರಿನ ಕ್ಯಾನ್ ಮಾತ್ರ ಬೇರೆಯೇ ಇರಬೇಕು, ಅದರಲ್ಲಿ ಆಯಿಲ್ ಬೆರೆತಿರುತ್ತದೆ. ನಮ್ಮಲ್ಲಿ ಆ ಕ್ಯಾನಿಗೆ ಕೆಂಪು ಟೇಪ್ ಸುತ್ತಿದ್ದೇವೆ.